ಸಾರಥಿಯಿಲ್ಲದ ಭೂತ ಬಂಗಲೆ

ಸಂಡೂರು ತಾಲ್ಲೂಕಿನ ಚೋರನೂರು ಹೋಬಳಿಯಲ್ಲಿ ಚಿತ್ರಕಲಾ ಪ್ರದರ್ಶನ ನೋಡಿದವರನ್ನು ಹುಡುಕಬೇಕಾದರೆ ಊರೂರು ತಿರುಗಬೇಕಾದೀತು. ಆದರೆ ಜಾತ್ರೆಯಲ್ಲಿ ಭೂತ ಬಂಗಲೆಯ ಒಳಹೊಕ್ಕು ಬಂದವರನ್ನು ಹುಡುಕಲು ಒಂದು ಓಣಿ ದಾಟಬೇಕಿಲ್ಲ. ತೇರು, ಉರುಸು, ಹುಣ್ಣಿಮೆ, ದಸರಾ ವಸ್ತುಪ್ರದರ್ಶನ ಎಂದು ಜನ ಸೇರುವಲ್ಲೆಲ್ಲ ತಿರುಗುವ ತೊಟ್ಟಿಲು, ಮರಣಬಾವಿ, ಮಿರ್ಚಿ ಅಂಗಡಿಗಳ ಸಾಲಿನಲ್ಲಿ ಅದೂ ಒಂದು. ಹೀಗೆ ಲಕ್ಷಾಂತರ ಜನ ದುಡ್ಡು ಕೊಟ್ಟು ನೋಡುವ ಒಂದು ಕಲೆಯ ಬಗ್ಗೆ ನಮ್ಮ ವಿಮರ್ಶೆ ಮಾತ್ರ ಬಾಯಿ ಬಿಟ್ಟಿಲ್ಲ. ನಾಟಕಕ್ಕೆ ವಿಮರ್ಶಕರಿದ್ದಾರೆ, ಸಿನಿಮಾಕ್ಕಿದ್ದಾರೆ, ಅಷ್ಟೇಕೆ ಹೋಟೆಲಿನ ದೋಸೆಗೂ ಈಗ ವಿಮರ್ಶಕರು ಹುಟ್ಟಿಕೊಂಡಿದ್ದಾರೆ. ಭೂತ ಬಂಗಲೆಯ ಪಾಡನ್ನು ಕೇಳುವವರಿಲ್ಲ. ಜನರನ್ನು ಹೇಗೆ ನಗಿಸುತ್ತೇವೆ ಎಂಬುದರಲ್ಲಿ ಒಂದು ಸಮಾಜದ ಮನಸ್ಸು ಕಾಣುತ್ತದೆ ಎಂದಾದರೆ, ಜನರನ್ನು ಹೇಗೆ ಹೆದರಿಸುತ್ತೇವೆ ಎಂಬುದರಲ್ಲಿಯೂ ಅದು ಕಾಣಲೇಬೇಕು.

ಮೊದಲು ಜಾತ್ರೆಯ ಬಂಗಲೆಯನ್ನೇ ನೋಡೋಣ. ಬಂಗಲೆ ಎಂಬುದು ಹೆಸರಿಗೆ ಮಾತ್ರ. ತಗಡು, ಬೊಂಬು, ಕರಿಯ ತಾಡಪಾಲು ಸೇರಿಸಿ ಕಟ್ಟಿದ ಡೇರೆ ಅದು. ಮುಂಭಾಗದಲ್ಲಿ ರಕ್ತ ಸುರಿಸುವ ಬಾಯಿ, ಹೊರಚಾಚಿದ ಕೋರೆಹಲ್ಲು, ಕೂದಲು ಬಿಚ್ಚಿದ ಹೆಣ್ಣು ಇವುಗಳ ದೊಡ್ಡ ಚಿತ್ರ. ಮೈಕಿನಲ್ಲಿ ಒಂದೇ ಸಮನೆ ಕೂಗು. ಒಳಗೆ ಇಕ್ಕಟ್ಟಾದ ದಾರಿ, ನಾಲ್ಕೈದು ತಿರುವು. ತಲೆಯ ಮೇಲಿಂದ ಇಳಿಬಿಟ್ಟ ಒದ್ದೆ ದಾರಗಳು ಮುಖಕ್ಕೆ ತಾಗುತ್ತವೆ. ಕಾಲ ಕೆಳಗಿನ ಹಲಗೆ ಅಲುಗುತ್ತದೆ. ಒಂದು ಮೂಲೆಯಲ್ಲಿ ಕೆಂಪು ಬಲ್ಬಿನ ಕೆಳಗೆ ಅಸ್ಥಿಪಂಜರ, ಇನ್ನೊಂದರಲ್ಲಿ ಮುಚ್ಚಳ ತೆರೆದುಕೊಳ್ಳುವ ಶವಪೆಟ್ಟಿಗೆ. ಕೊನೆಯ ತಿರುವಿನಲ್ಲಿ ರಬ್ಬರಿನ ಮುಖವಾಡ ಹಾಕಿದ ಒಬ್ಬ ಹುಡುಗ ಕಿರುಚುತ್ತ ಮೈಮೇಲೆ ಬರುತ್ತಾನೆ. ಎಲ್ಲ ಸೇರಿ ಮೂರೋ ನಾಲ್ಕೋ ನಿಮಿಷ. ಆಮೇಲೆ ಹೊರಗೆ ಬೆಳಕು, ದೂಳು, ನಗು.

ಈ ಮೂರ್ನಾಲ್ಕು ನಿಮಿಷದಲ್ಲಿ ನಿಜವಾದ ಕಲೆಗಾರಿಕೆ ಎಲ್ಲಿದೆ ಎಂದು ಕೇಳಿದರೆ, ನಾವು ಅಸ್ಥಿಪಂಜರವನ್ನು ತೋರಿಸುವುದಿಲ್ಲ, ಆ ಒದ್ದೆ ದಾರಗಳನ್ನು ತೋರಿಸುತ್ತೇವೆ. ಅಸ್ಥಿಪಂಜರ ಕಣ್ಣಿಗೆ ಕಂಡ ಕೂಡಲೇ ಪ್ಲಾಸ್ಟಿಕ್ಕಾಗಿಬಿಡುತ್ತದೆ. ದಾರ ಮಾತ್ರ ಕತ್ತಲೆಯಲ್ಲಿ ಏನು ಬೇಕಾದರೂ ಆಗಬಲ್ಲುದು: ಜೇಡರ ಬಲೆ, ಕೂದಲು, ಯಾರದೋ ಬೆರಳು. ಹೆದರಿಕೆಯ ಕೆಲಸವನ್ನು ಅದು ನೋಡುಗರಿಗೇ ಬಿಟ್ಟುಕೊಡುತ್ತದೆ. ಎರಡನೆಯ ಅಂಕವನ್ನು ನಾವು ಡೇರೆಯ ಹೊರಗಿನ ಸಾಲಿಗೆ ಕೊಡುತ್ತೇವೆ. ಒಳಗಿನವರ ಚೀತ್ಕಾರ ತಾಡಪಾಲು ದಾಟಿ ಸಾಲಿನಲ್ಲಿ ನಿಂತವರ ಕಿವಿಗೆ ಬೀಳುವಂತೆ ಬಂಗಲೆಯನ್ನು ಕಟ್ಟಿರುತ್ತಾರೆ. ಅರ್ಧ ಹೆದರಿಕೆ ಅಲ್ಲೇ ಮುಗಿದಿರುತ್ತದೆ. ಒಳಗಿನ ಭೂತಕ್ಕಿಂತ ಹೊರಗಿನ ಸುದ್ದಿ ದೊಡ್ಡದು ಎಂಬ ಈ ಮಾತಿಗೆ ಮುಂದೆ ಮತ್ತೆ ಬರಬೇಕಾಗುತ್ತದೆ.

ಈ ಡೇರೆಯ ಬಂಧುಬಳಗ ಬಹಳ ದೂರದವರೆಗೆ ಹಬ್ಬಿದೆ. 1862ರಲ್ಲಿ ಲಂಡನ್ನಿನ ರಾಯಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಜಾನ್ ಹೆನ್ರಿ ಪೆಪ್ಪರ್ ಎಂಬಾತ ಓರೆಯಾಗಿ ನಿಲ್ಲಿಸಿದ ದೊಡ್ಡ ಗಾಜಿನ ಹಾಳೆಯೊಂದರಿಂದ ರಂಗದ ಮೇಲೆ ಆರಪಾರ ಕಾಣುವ ಭೂತವನ್ನು ನಡೆದಾಡಿಸಿದ. ಕೆಳಗೆ ಅಡಗಿ ನಿಂತ ನಟನ ಮೇಲೆ ಬೆಳಕು ಬಿದ್ದಾಗ ಅವನ ಪ್ರತಿಬಿಂಬ ಗಾಜಿನಲ್ಲಿ ಮೂಡುತ್ತಿತ್ತು, ಅಷ್ಟೆ. ಅಮೆರಿಕದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್ನಿನ ನರ್ತನಶಾಲೆಯಲ್ಲಿ ಕುಣಿಯುವ ಭೂತಗಳೂ ಇದೇ ಗಾಜಿನ ಮಕ್ಕಳು. ಅಕ್ಟೋಬರ್ 31ರ ಹ್ಯಾಲೋವೀನ್ ಸುತ್ತಮುತ್ತ ಇಡೀ ಉದ್ಯಾನವನ್ನೇ ಭೂತದ ಬೀಡು ಮಾಡುವ ರೂಢಿ ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್‌ನಲ್ಲಿ 1973ರಲ್ಲಿ ಶುರುವಾಯಿತು. ಒರ್ಲ್ಯಾಂಡೋದ ಯೂನಿವರ್ಸಲ್ ಸ್ಟುಡಿಯೋ 1991ರಿಂದ ಅದನ್ನು ದೊಡ್ಡ ಉದ್ಯಮವಾಗಿ ಬೆಳೆಸಿತು. ಅಲ್ಲಿ ವರ್ಷವರ್ಷವೂ ಹೊಸ ಮನೆಗಳನ್ನು ಕಟ್ಟಿ ಕೆಡಹುತ್ತಾರೆ. ಯಾವ ವರ್ಷದ ಯಾವ ಮನೆ ಮೇಲು ಎಂದು ಅಭಿಮಾನಿಗಳು ನಮ್ಮವರು ರಾಜ್‌–ವಿಷ್ಣು ಸಿನಿಮಾಗಳ ಬಗ್ಗೆ ವಾದಿಸಿದಂತೆ ವಾದಿಸುತ್ತಾರೆ. ಈಗ ಬೆಂಗಳೂರಿನ ಮಾಲುಗಳಿಗೆ, ಅಪಾರ್ಟ್‌ಮೆಂಟುಗಳಿಗೆ, ಸಾಫ್ಟ್‌ವೇರ್ ಕಂಪನಿಗಳಿಗೂ ಈ ಹಬ್ಬ ಬಂದಿಳಿದಿದೆ.

ಚೋರನೂರು ಕಡೆಯ ಮಕ್ಕಳಿಗೆ ಒರ್ಲ್ಯಾಂಡೋ ದೂರ. ಶಾಲಾ ಪ್ರವಾಸದ ಬಸ್ಸು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯವರೆಗೆ ಹೋಗುತ್ತದೆ. ಅಲ್ಲಿ ‘ಬೋರಾಸುರ’ ಎಂಬ ಮಂತ್ರವಾದಿಯ ಗುಹೆಯೊಂದಿದೆ. ಬೆಂಗಳೂರಿನ ಹತ್ತಿರ ಬಿಡದಿಯಲ್ಲಿ 2008ರಲ್ಲಿ ಆರಂಭವಾದ ಇನ್ನೋವೇಟಿವ್ ಫಿಲ್ಮ್ ಸಿಟಿಯಲ್ಲಿಯೂ ಒಂದು ಭೂತದ ಮನೆ ಇತ್ತು. ಜಾತ್ರೆಯ ಡೇರೆಗೆ ಹೋಲಿಸಿದರೆ ಇಂಥವುಗಳಲ್ಲಿ ಗೋಡೆ ಗಟ್ಟಿ, ಸದ್ದು ಚೊಕ್ಕ, ಬೊಂಬೆಗಳಿಗೆ ಮೋಟಾರು. ಬೋರಾಸುರನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು. ಅವನಿಗೆ ಹೆಸರಿದೆ, ಕಸುಬಿದೆ. ಹೆಸರಿನ ತುದಿಯಲ್ಲಿರುವ ‘ಅಸುರ’ ನಮ್ಮ ಪುರಾಣದ ನೆನಪನ್ನು ತರುತ್ತಾನೆ. ಆದರೆ ಒಟ್ಟಿನಲ್ಲಿ ನಮ್ಮ ಭೂತ ಬಂಗಲೆಗಳ ಸರಕು ಸೀಮೆಯಾಚೆಯದು. ಶವಪೆಟ್ಟಿಗೆ, ಬಾವಲಿ, ಡ್ರಾಕುಲಾ, ಕುಂಬಳಕಾಯಿ. ನಮ್ಮ ಬಯಲುಸೀಮೆಯ ದೆವ್ವ ಪೆಟ್ಟಿಗೆಯೊಳಗೆ ಮಲಗಿದ್ದನ್ನು ಯಾವ ಅಜ್ಜಿ ಕಂಡಿದ್ದಾಳೆ? ಅದು ಹುಣಸೆಮರದಲ್ಲಿತ್ತು, ಹಾಳುಬಾವಿಯಲ್ಲಿತ್ತು, ಊರಾಚೆಯ ಹೊಲದ ಬದುವಿನ ಮೇಲೆ ಕೊಳ್ಳಿದೆವ್ವವಾಗಿ ಬೆಳಕು ಹಿಡಿದು ಓಡಾಡುತ್ತಿತ್ತು. ಮಗುವಿಗೆ ಜ್ವರ ಬಂದರೆ ‘ಗಾಳಿ ಸೋಕೈತಿ’ ಎನ್ನುತ್ತಿದ್ದರು. ಗಾಳಿಗೆ ರಬ್ಬರಿನ ಮುಖ ಮಾಡಿ ಮಾರುವುದು ಸುಲಭವಲ್ಲ. ಡ್ರಾಕುಲಾನ ಮುಖ ಮಾರುಕಟ್ಟೆಯಲ್ಲಿ ಸಿದ್ಧವಾಗಿ ಸಿಗುತ್ತದೆ.

ಆದರೂ ಪರದೇಶದ ಸರಕು ಎಂಬುದೇ ನಮ್ಮ ಮುಖ್ಯ ಆಕ್ಷೇಪವಲ್ಲ. ಕತೆಗಳು ಯಾವಾಗಲೂ ಗಡಿ ದಾಟಿ ಬರುತ್ತವೆ, ಬರಲಿ. ನಮ್ಮ ಆಕ್ಷೇಪ ಬೇರೆ: ಭೂತ ಬಂಗಲೆಯ ಭೂತಕ್ಕೆ ಮಾತಿಲ್ಲ.

ಬಳ್ಳಾರಿ ಸೀಮೆ ಬಯಲಾಟದ ಸೀಮೆ. ಬಯಲಾಟದಲ್ಲಿ ರಕ್ಕಸನ ವೇಷ ಬರುವುದನ್ನು ನೋಡಿದವರಿಗೆ ಹೆದರಿಕೆ ಎಂದರೇನೆಂದು ಬೇರೆ ಹೇಳಬೇಕಿಲ್ಲ. ಪರದೆಯ ಹಿಂದಿನಿಂದ ಬರುವ ಆರ್ಭಟ, ಕಾಲ್ಗೆಜ್ಜೆಯ ಸದ್ದು, ಕೆಂಪು ಕಪ್ಪು ಬಳಿದ ಮುಖ, ಭುಜಕೀರ್ತಿ, ಹಲಗೆ ಮುರಿಯುವಂಥ ಕುಣಿತ. ಮುಂದಿನ ಸಾಲಿನ ಮಕ್ಕಳು ತಾಯಂದಿರ ಸೆರಗಿಗೆ ನುಗ್ಗುತ್ತವೆ. ಆದರೆ ಮರುಗಳಿಗೆಯಲ್ಲೇ ಸಾರಥಿ ಎದುರು ನಿಂತು, ತಾವು ಯಾರು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಕ್ಕಸ ತನ್ನ ಹೆಸರು, ಕುಲ, ಪ್ರತಾಪ, ದುಃಖ ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ಅವನ ಮಾತಿನಲ್ಲೂ ಒಂದು ನ್ಯಾಯವಿರುತ್ತದೆ. ಬೆಳಗಿನ ಜಾವ ಅವನು ಸಾಯುವ ಹೊತ್ತಿಗೆ, ಹೆದರಿ ಸೆರಗು ಹಿಡಿದಿದ್ದ ಮಗುವಿಗೇ ಅವನ ಮೇಲೆ ಕನಿಕರ ಹುಟ್ಟಿರುತ್ತದೆ.

ಕರಾವಳಿಯ ಓದುಗರಿಗೆ ಇನ್ನೊಂದು ಉದಾಹರಣೆ ಕೂಡಲೇ ಹೊಳೆದಿರಬೇಕು. ಅಲ್ಲಿ ಭೂತವೆಂದರೆ ದೈವ. ಕೋಲದಲ್ಲಿ ಅದು ಹೆದರಿಸುವುದೂ ಉಂಟು, ಆದರೆ ಮುಖ್ಯವಾಗಿ ಅದು ನುಡಿ ಕೊಡುತ್ತದೆ. ಜನ ತಮ್ಮ ಜಮೀನಿನ ತಕರಾರು, ದಾಯಾದಿಗಳ ಜಗಳ, ಮನೆಯ ಕಷ್ಟ ಹೇಳಿಕೊಳ್ಳುತ್ತಾರೆ. ಇತ್ತ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳ ಮೊಹರಮ್ಮಿನಲ್ಲಿ ಹುಲಿಯ ವೇಷ ಓಣಿಗೆ ಬಂದಾಗ ಮಕ್ಕಳು ಬಾಗಿಲ ಹಿಂದೆ ಅಡಗುತ್ತವೆ. ವೇಷದೊಳಗಿರುವವನು ಯಾರ ಮಗ, ಯಾವ ಹರಕೆಗೆ ಬಣ್ಣ ಹಚ್ಚಿಕೊಂಡಿದ್ದಾನೆ ಎಂಬುದು ದೊಡ್ಡವರಿಗೆಲ್ಲ ಗೊತ್ತು. ಅವನು ಹಿಂದೂವಾಗಿರಬಹುದು, ಮುಸ್ಲಿಮನಾಗಿರಬಹುದು. ಮುಸ್ಲಿಮರ ಮನೆಯೇ ಇಲ್ಲದ ಊರಿನಲ್ಲೂ ಹಬ್ಬ ನಡೆಯುವುದುಂಟು. ಇಂಥ ಆಚರಣೆಗಳ ಸರಿತಪ್ಪಿನ ಚರ್ಚೆ ಬೇರೆಯೇ. ಇಲ್ಲಿ ನಾವು ಗಮನಿಸುವುದಿಷ್ಟೆ: ಈ ಹೆದರಿಕೆಗಳೆಲ್ಲ ಸಂಬಂಧದೊಳಗಿನ ಹೆದರಿಕೆಗಳು. ಹೆದರಿಸುವವನಿಗೆ ಹೆಸರಿದೆ.

ಕನ್ನಡದ ಅತ್ಯುತ್ತಮ ಭೂತ ಬಂಗಲೆ ಯಾವುದು ಎಂದು ಯಾರಾದರೂ ನಮ್ಮನ್ನು ಕೇಳಿದರೆ, ನಾವು ಟಿಕೆಟ್ಟಿಲ್ಲದ ಒಂದು ಬಂಗಲೆಯನ್ನು ಹೇಳುತ್ತೇವೆ. ಅದು ‘ನಾಳೆ ಬಾ’ ಎಂದು ಬರೆದ ಮನೆಬಾಗಿಲು. ರಾತ್ರಿ ಹೊತ್ತು ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುವ ದೆವ್ವ, ಓಗೊಟ್ಟು ಬಾಗಿಲು ತೆರೆದರೆ ಸಾವು ಎಂಬ ಸುದ್ದಿ ಹಬ್ಬಿದಾಗ ಕರ್ನಾಟಕದ ಎಷ್ಟೋ ಊರುಗಳಲ್ಲಿ ಜನ ಸುಣ್ಣದಲ್ಲೋ ಇದ್ದಿಲಿನಲ್ಲೋ ಈ ಎರಡು ಪದ ಬರೆದರು. ದೆವ್ವ ಪ್ರತಿರಾತ್ರಿ ಬಂದು ಓದಿ, ನಾಳೆ ಬರೋಣವೆಂದು ತಿರುಗಿ ಹೋಗಬೇಕು! 2018ರಲ್ಲಿ ಬಂದ ‘ಸ್ತ್ರೀ’ ಎಂಬ ಹಿಂದಿ ಸಿನಿಮಾ ಈ ಕಲ್ಪನೆಯನ್ನೇ ಎತ್ತಿಕೊಂಡು ಭಾರಿ ಹಣ ಮಾಡಿತು. ಇದು ಮೂಢನಂಬಿಕೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಬರಹದ ಸ್ವಭಾವವನ್ನು ನೋಡಿ. ಅಲ್ಲಿ ದೆವ್ವಕ್ಕೆ ಓದು ಬರಹ ಬರುತ್ತದೆ, ಅದೂ ಕನ್ನಡ! ಅದಕ್ಕೆ ಮರ್ಯಾದೆ ತಿಳಿಯುತ್ತದೆ. ಮನೆಯವರು ಅದನ್ನು ಕೊಲ್ಲಲು ಹೊರಡುವುದಿಲ್ಲ, ಸಾಲಗಾರನಿಗೆ ಹೇಳಿದಂತೆ ನಾಳೆ ಬಾ ಎನ್ನುತ್ತಾರೆ. ಹೆದರಿಕೆ, ಜಾಣತನ, ನಗು ಮೂರೂ ಎರಡೇ ಪದಗಳಲ್ಲಿ ಅಡಕವಾಗಿವೆ. ಕೋಟಿಗಟ್ಟಲೆ ಖರ್ಚಿನ ಯಾವ ಬಂಗಲೆಗೂ ಇದು ಸಾಧ್ಯವಾಗಿಲ್ಲ.

ಮಾತಿಲ್ಲದ ಭೂತದಿಂದ ಏನು ನಷ್ಟ ಎಂಬುದು ಬಂಗಲೆಯ ಮುಂಭಾಗದ ಚಿತ್ರ ನೋಡಿದರೇ ತಿಳಿಯುತ್ತದೆ. ಅಲ್ಲಿ ಕೂದಲು ಬಿಚ್ಚಿ ಬಿಳಿ ಸೀರೆಯುಟ್ಟು ನಿಂತಿರುವುದು ಹೆಣ್ಣು. ನಮ್ಮ ಭೂತ ಬಹುಮಟ್ಟಿಗೆ ಹೆಣ್ಣೇ ಏಕೆ? ನಮ್ಮ ಸಿನಿಮಾಗಳು ಈ ಪ್ರಶ್ನೆಗೆ ಅಷ್ಟಿಷ್ಟು ಉತ್ತರ ಕೊಟ್ಟಿವೆ. 1979ರ ‘ನಾ ನಿನ್ನ ಬಿಡಲಾರೆ’ಯಿಂದ 2004ರ ‘ಆಪ್ತಮಿತ್ರ’ದವರೆಗೆ ಕಾಡುವ ಹೆಣ್ಣಿಗೆ ಒಂದು ಹಿಂದಿನ ಕತೆಯಿದೆ. ‘ಆಪ್ತಮಿತ್ರ’ದ ನಾಗವಲ್ಲಿ ಒಬ್ಬ ರಾಜನ ಆಸೆಗೂ ಸಿಟ್ಟಿಗೂ ಬಲಿಯಾದ ನರ್ತಕಿ. ಅವಳನ್ನು ಮೈಮೇಲೆ ತಂದುಕೊಂಡ ಗಂಗಾಳ ಪಾತ್ರ ಮಾಡಿದ ಸೌಂದರ್ಯ ಆ ವರ್ಷದ ಏಪ್ರಿಲ್ಲಿನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡರು. ಸಿನಿಮಾ ತೆರೆಗೆ ಬಂದದ್ದು ಆಗಸ್ಟಿನಲ್ಲಿ. ಹಾಗಾಗಿ ಅಂದು ಚಿತ್ರಮಂದಿರದಲ್ಲಿ ಕುಳಿತವರು, ತೀರಿಹೋದ ಒಬ್ಬ ನಟಿ ತೀರಿಹೋದ ಒಬ್ಬಳ ಸಂಕಟವನ್ನು ಆಡಿ ತೋರಿಸುವುದನ್ನು ನೋಡಿದರು. ಭಯಕ್ಕಿಂತ ಹೆಚ್ಚಿನದೇನೋ ಆ ಕತ್ತಲಲ್ಲಿತ್ತು. ಸಿನಿಮಾದ ಕೊನೆಗೆ ಗಂಡಸರೇ ಸೇರಿ ಎಲ್ಲವನ್ನೂ ಬಗೆಹರಿಸುವುದು ನಿಜ. ಆದರೂ ನಾಗವಲ್ಲಿಗೆ ತನಗೇನಾಯಿತೆಂದು ಹೇಳಿಕೊಳ್ಳುವ ಅವಕಾಶವಾದರೂ ಇತ್ತು. ಭೂತ ಬಂಗಲೆ ಅವಳ ಕೂದಲನ್ನೂ ಸೀರೆಯನ್ನೂ ಇಟ್ಟುಕೊಂಡು ಕತೆಯನ್ನು ಬಿಸಾಡಿದೆ. ಸುಟ್ಟ ಮುಖದ ಹೆಣ್ಣುಬೊಂಬೆಯನ್ನು ಕಂಡು ನಾವು ಕಿರುಚುತ್ತೇವೆ. ಸ್ಟೋವು ಸಿಡಿದು ಸತ್ತಳೆಂದು ಬರೆಸಿ ಮುಗಿಸಿದ ಸೊಸೆಯಂದಿರ ನೆನಪು ಇನ್ನೂ ಆರದ ನಾಡಿನಲ್ಲಿ, ಇವಳನ್ನು ಸುಟ್ಟವರು ಯಾರು ಎಂದು ಒಳಗೆ ಯಾರೂ ಕೇಳುವುದಿಲ್ಲ.

ಇನ್ನು ಬಂಗಲೆಯ ಕತ್ತಲೆಯ ವಿಚಾರ. ಆ ಕತ್ತಲಲ್ಲಿ ಭೂತ ಮುಟ್ಟುವುದಕ್ಕಿಂತ ಹೆಚ್ಚಾಗಿ ಹಿಂದೆ ಬಂದ ಪುಂಡರು ಮುಟ್ಟುತ್ತಾರೆಂಬುದು ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಅದಕ್ಕೇ ಅವರು ಒಬ್ಬರ ಕೈ ಒಬ್ಬರು ಹಿಡಿದು ಗುಂಪಾಗಿ ಹೋಗುತ್ತಾರೆ. ಮುಖವಾಡದ ಹುಡುಗನ ಪಾಡೂ ಸುಖದ್ದಲ್ಲ. ಹೆದರಿದವರು ಗುದ್ದುತ್ತಾರೆ, ಹೆದರದವರು ಶೂರತನ ತೋರಿಸಲು ಗುದ್ದುತ್ತಾರೆ. ರಬ್ಬರಿನೊಳಗೆ ಬೆವರುತ್ತ ಸಂಜೆಯಿಂದ ನಡುರಾತ್ರಿಯವರೆಗೆ ಕಿರುಚಿ ದಿನಗೂಲಿ ಪಡೆಯುವ ಈ ಕಲಾವಿದನಿಗೆ ಯಾವ ಅಕಾಡೆಮಿಯ ಪಟ್ಟಿಯಲ್ಲೂ ಜಾಗವಿಲ್ಲ.

ಅದಕ್ಕಿಂತ ದೊಡ್ಡ ಭಯ ಬೆಂಕಿಯದು. 1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಗ್ರೇಟ್ ಅಡ್ವೆಂಚರ್ ಉದ್ಯಾನದ ‘ಹಾಂಟೆಡ್ ಕ್ಯಾಸಲ್’ಗೆ ಬೆಂಕಿ ಬಿತ್ತು. ಟ್ರೇಲರುಗಳನ್ನು ಜೋಡಿಸಿ ಕಟ್ಟಿದ, ಫೋಮ್ ಮೆತ್ತಿದ ಇಕ್ಕಟ್ಟು ದಾರಿಗಳ ಆ ಮನೆಯಲ್ಲಿ ತಾನಾಗಿ ನೀರು ಚಿಮ್ಮುವ ವ್ಯವಸ್ಥೆ ಇರಲಿಲ್ಲ. 8 ಮಂದಿ ಹದಿಹರೆಯದವರು ಒಳಗೇ ಸತ್ತರು. ನಮಗೆ ಅಷ್ಟು ದೂರದ ಉದಾಹರಣೆಯೂ ಬೇಕಿಲ್ಲ. 1981ರ ಫೆಬ್ರುವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದಾಗ 90ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಬಹುಪಾಲು ಮಕ್ಕಳು. ಹೀಗಿದ್ದೂ ಜಾತ್ರೆಯ ಬಂಗಲೆಯಲ್ಲಿ ಬರಿಗೈಲಿ ಜೋಡಿಸಿದ ವೈರು, ಪ್ಲಾಸ್ಟಿಕ್ ಹೊದಿಕೆ, ಒಂದೇ ಒಂದು ಹೊರಬಾಗಿಲು ಕಂಡಾಗ ನಮಗೆ ಹೆದರಿಕೆಯಾಗುವುದು ಅಸ್ಥಿಪಂಜರವನ್ನು ನೋಡಿ ಅಲ್ಲ. ಕಿರುಚುವುದೇ ಆಟವಾದ ಮನೆಯಲ್ಲಿ ನಿಜವಾಗಿ ಕಿರುಚಿದವರ ದನಿಯನ್ನು ಯಾರು ನಂಬುತ್ತಾರೆ?

ಈಗ ಡೇರೆಯ ಹೊರಗಿನ ಸಾಲಿಗೆ ಮರಳೋಣ. ಕನ್ನಡದಲ್ಲಿ ದೆವ್ವಕ್ಕೂ ಗಾಳಿ ಎನ್ನುತ್ತೇವೆ, ಬುಡವಿಲ್ಲದ ಸುದ್ದಿಗೂ ಗಾಳಿಸುದ್ದಿ ಎನ್ನುತ್ತೇವೆ. ನಮ್ಮ ಹಿರಿಯರು ಬಹಳ ಯೋಚಿಸಿಯೇ ಈ ಎರಡಕ್ಕೂ ಒಂದೇ ಮಾತು ಬಳಸಿದ್ದಾರೇನೋ ಎನಿಸುತ್ತದೆ. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಗಾಳಿ ಮೊಬೈಲುಗಳಲ್ಲಿ ಬೀಸಿತು. ಆ ವರ್ಷದ ಮೇ ತಿಂಗಳಿನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ದುಡಿಯಲು ಬಂದಿದ್ದ ಒಬ್ಬನನ್ನು ಗುಂಪು ಬಡಿದು ಕೊಂದಿತು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ತಪ್ಪಾಗಿ, ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಅಲ್ಲಿ ಸೇರಿದ್ದ ನೂರಾರು ಜನ ರಾಕ್ಷಸರಲ್ಲ. ಹೊಲಮನೆ ಮಾಡಿಕೊಂಡ, ಮಕ್ಕಳೊಂದಿಗರಾದ ಸಾಮಾನ್ಯರು. ಅವರ ಕಣ್ಣಿಗೆ ಎದುರಿಗಿದ್ದವನ ಮುಖ ಕಾಣಲಿಲ್ಲ, ಮೊಬೈಲು ತೊಡಿಸಿದ್ದ ಮುಖವಾಡ ಕಂಡಿತು. ಬಯಲಾಟದ ಸಾರಥಿ ರಕ್ಕಸನಿಗೂ ಕೇಳುವ ಮೊದಲ ಪ್ರಶ್ನೆಯನ್ನು, ನೀವು ಯಾರು, ಎಲ್ಲಿಂದ ಬಂದಿರಿ ಎಂಬುದನ್ನು, ಉತ್ತರ ಕೇಳುವ ಮನಸ್ಸಿನಿಂದ ಅಲ್ಲಿ ಯಾರೂ ಕೇಳಲಿಲ್ಲ. ಊರಿನ ಹೆಸರಿನಲ್ಲೇ ಚೋರನನ್ನು ಇಟ್ಟುಕೊಂಡ ಚೋರನೂರಿನವರಿಗೆ ಗೊತ್ತಿರುವಂತೆ, ಹೆಸರು ಕೇಳಿ ಕಳ್ಳರನ್ನು ನಿರ್ಧರಿಸಲು ಬರುವುದಿಲ್ಲ.

ಭೂತ ಬಂಗಲೆಗೂ ಈ ಕೊಲೆಗಳಿಗೂ ನೇರ ಸಂಬಂಧವಿದೆ ಎಂದು ನಾವು ಹೇಳುತ್ತಿಲ್ಲ. ಟಿಕೆಟ್ಟು ಕೊಂಡು ಕಿರುಚಿ ನಕ್ಕು ಬಂದವರು ಯಾರನ್ನೂ ಕೊಂದಿಲ್ಲ. ನಿಜಕ್ಕೂ ನೋಡಿದರೆ ಬಂಗಲೆಯ ಹೆದರಿಕೆ ಪ್ರಾಮಾಣಿಕವಾದದ್ದು. ಇದು ಸುಳ್ಳು ಎಂದು ಬೋರ್ಡು ಹಾಕಿಕೊಂಡೇ ಅದು ಹೆದರಿಸುತ್ತದೆ. ಸುಳ್ಳೆಂದು ಹೇಳದೆ ಹೆದರಿಸುವವರೇ ಅಪಾಯದವರು. ನಮ್ಮ ದೂರು ಇಷ್ಟೇ: ಎದುರಿಗೆ ಬಂದದ್ದನ್ನು ಕೇಳದೆ ಕಿರುಚುವ ಅಭ್ಯಾಸವೇ ಎಲ್ಲೆಲ್ಲೂ ಬೆಳೆಯುತ್ತಿರುವಾಗ, ಕಲೆಯಾದರೂ ಬೇರೊಂದು ಅಭ್ಯಾಸ ಕಲಿಸಬಾರದೆ?

ವಿಚಾರವಾದಿಗಳು ಇದಕ್ಕೆ ತಮ್ಮದೇ ದಾರಿ ಹುಡುಕಿದ್ದಾರೆ. 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿರ್ವಾಣದ ದಿನ, ಸತೀಶ್ ಜಾರಕಿಹೊಳಿಯವರು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ಜನರೊಂದಿಗೆ ಊಟ ಮಾಡಿ ಅಲ್ಲೇ ರಾತ್ರಿ ಕಳೆದರು. ಒಂದು ರೀತಿಯಲ್ಲಿ ಅದೂ ಭೂತ ಬಂಗಲೆಯೇ, ಆದರೆ ದೀಪ ಹಚ್ಚಿದ ಭೂತ ಬಂಗಲೆ. ಹೆದರಿಕೆ ಇದ್ದಲ್ಲಿಗೆ ಹೋಗಿ, ಕುಳಿತು, ಉಂಡು ಬರುವುದು. ನಾವು ಅದನ್ನು ಮೆಚ್ಚುತ್ತೇವೆ. ಆದರೆ ಜಾತ್ರೆಯ ಮಕ್ಕಳಿಗೆ ಸ್ಮಶಾನದ ಭಾಷಣ ಮಾತ್ರ ಸಾಲದು. ಅವರಿಗೆ ಹೆದರುವ ಸುಖವೂ ಬೇಕು. ಅಜ್ಜಿಯ ತೊಡೆಯ ಮೇಲೆ ಕುಳಿತು ಕೊಳ್ಳಿದೆವ್ವದ ಕತೆ ಕೇಳಿದವರು ಆ ಸುಖವನ್ನು ಅಲ್ಲಗಳೆಯಲಾರರು. ಅದನ್ನು ಕಿತ್ತುಕೊಂಡರೆ ಬಡ ಜಾತ್ರೆ ಮತ್ತಷ್ಟು ಬಡವಾಗುತ್ತದೆ.

ಆದ್ದರಿಂದ ಬಂಗಲೆಯ ಯಜಮಾನರಲ್ಲಿ ನಮ್ಮ ಕೋರಿಕೆಗಳು ಚಿಕ್ಕವು. ಎರಡು ಬಾಗಿಲಿಡಿ, ವೈರು ಸರಿಪಡಿಸಿ, ಮರಳು ತುಂಬಿದ ನಾಲ್ಕು ಬಕೆಟ್ಟಾದರೂ ಇಡಿ. ಹೆಣ್ಣುಮಕ್ಕಳ ಗುಂಪುಗಳನ್ನು ಬೇರೆಯಾಗಿ ಬಿಡಿ. ಮುಖವಾಡದ ಹುಡುಗನಿಗೆ ನಡುನಡುವೆ ನೀರು, ಬಿಡುವು ಕೊಡಿ. ಶವಪೆಟ್ಟಿಗೆಯ ಜಾಗದಲ್ಲಿ ಒಂದು ಹುಣಸೆಮರ, ಒಂದು ಹಾಳುಬಾವಿ, ದೂರದಲ್ಲಿ ತೇಲುವ ಒಂದು ಕೊಳ್ಳಿಯ ಬೆಳಕು ಇಟ್ಟು ನೋಡಿ. ಬೊಂಬೆಯಾಟದವರು, ಬಯಲಾಟದವರು ನಿಮ್ಮ ಸುತ್ತಲೇ ಇದ್ದಾರೆ, ಅವರ ಕೈ ಹಿಡಿಯಿರಿ. ಬಿಳಿ ಸೀರೆಯ ಹೆಣ್ಣಿಗೆ ಎರಡು ಮಾತು ಕೊಡಿ. ತನ್ನ ಹೆಸರು, ತನ್ನ ಊರು, ತನಗೆ ಆದದ್ದು. ಆಗ ಜನ ಹೆದರುವುದು ಕಡಿಮೆಯಾಗುತ್ತದೆ ಎಂಬ ಅಂಜಿಕೆ ಬೇಡ. ನಿಜವಾಗಿ ಹೆದರುವುದೇ ಆಗ.

ಕೊನೆಯದಾಗಿ ಇನ್ನೊಂದು. ಹೊರಬಾಗಿಲಿನ ಹತ್ತಿರ ಆ ಹುಡುಗ ಮುಖವಾಡ ತೆಗೆದು ಕೈಯಲ್ಲಿ ಹಿಡಿದು ನಿಲ್ಲಲಿ. ಒಳಗೆ ಕಿರುಚಿ ಬಂದ ಮಕ್ಕಳು ಅವನ ಬೆವತ ಮುಖವನ್ನು ನೋಡಲಿ, ಅವನ ಹೆಸರು ಕೇಳಲಿ. ಅದಕ್ಕೆ ಬೇರೆ ಟಿಕೆಟ್ಟು ಇಟ್ಟರೂ ಕೊಡಲು ನಾವು ತಯಾರು.